ಒಂಬತ್ತು ದಿನದ ಪಟ್ಟ

ಜನವರಿ ೯

ಕುಸ್ತಿ ಕಂಪನಿಯ ದಾಖಲೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಂಪನಿಯ ಮಹಾಪಟ್ಟಕ್ಕೆ ಈ ವರ್ಷ ಐವತ್ತು ತುಂಬುತ್ತದೆ, ಅದರ ಚರಿತ್ರೆಯನ್ನು ಪುಸ್ತಕವಾಗಿ ತರುತ್ತೀರಿ ಎಂದು ಪತ್ರಿಕೆಯಲ್ಲಿ ಓದಿದೆ. ಅದರ ಜೊತೆಗೆ ನೀವು ಅಚ್ಚು ಹಾಕಿಸಿದ್ದ ಚಾಂಪಿಯನ್ನರ ಪಟ್ಟಿಯನ್ನೂ ಓದಿದೆ. ಮೂರು ಸಲ ಓದಿದೆ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ತಪ್ಪು ಕಂಡರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ನಿಮ್ಮ ಪಟ್ಟಿಯ ಮೇಲೆ ಈಗ ಕಪ್ಪಿಗಿಂತ ಕೆಂಪೇ ಹೆಚ್ಚು.

ಮೊದಲ ಚಾಂಪಿಯನ್ 'ಕಬ್ಬಿಣ' ಸಮುದ್ರದಾಚೆಯ ಯಾವುದೋ ನಗರದಲ್ಲಿ ಹದಿನಾರು ಜಟ್ಟಿಗಳನ್ನು ಮಣಿಸಿ ಪಟ್ಟ ಗೆದ್ದು ತಂದ ಎಂದು ಬರೆದಿದ್ದೀರಿ. ಅಂಥ ಪಂದ್ಯಾವಳಿ ನಡೆದೇ ಇಲ್ಲ. ಅದು ನಡೆದದ್ದು ಕಂಪನಿ ಕಟ್ಟಿದ ದಣಿಯ ಕೋಣೆಯಲ್ಲಿ, ಟೈಪ್‌ರೈಟರಿನ ಮೇಲೆ. ಕಬ್ಬಿಣ ಆ ವಾರವೆಲ್ಲ ಅತ್ತೆಯ ಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದ. ನಾಲ್ಕನೆಯವನು ವೈರಿಗಳು ಕುರ್ಚಿಯಿಂದ ಹೊಡೆದದ್ದಕ್ಕೆ ಪಟ್ಟ ಬಿಟ್ಟುಕೊಟ್ಟನಂತೆ. ಅವನಿಗೆ ಬಂದದ್ದು ಗದ್ದಬಾವು, ಅಂಟಿಸಿದವರು ಅವನ ಇಬ್ಬರು ಮಕ್ಕಳು. ಏಳನೆಯವನ ಕಾಲದಲ್ಲಿ ಪಟ್ಟದ ಬೆಲ್ಟನ್ನು ಕಳ್ಳರು ಕದ್ದರು ಎನ್ನುತ್ತೀರಿ. ಅವನೇ ಅದನ್ನು ಬಸ್ಸಿನಲ್ಲಿ ಮರೆತು ಇಳಿದಿದ್ದ. ಎರಡು ದಿನ ಆ ಬಸ್ಸಿನ ಕಂಡಕ್ಟರ್ ಕಿಟಕಿ ಗಡಗಡ ಅನ್ನದಿರಲೆಂದು ಬೆಲ್ಟನ್ನು ಸಂದಿಗೆ ತುರುಕಿ ಇಟ್ಟಿದ್ದ.

ಇವೆಲ್ಲ ಕಂಪನಿ ಸಾಕಿ ಬೆಳೆಸಿದ ಸುಳ್ಳುಗಳು. ಜನ ಟಿಕೆಟ್ ಕೊಂಡದ್ದೇ ಇವನ್ನು ನೋಡಲು. ಇರಲಿ. ಆದರೆ ಇಷ್ಟು ಸುಳ್ಳಿನ ನಡುವೆ ನಡೆದ ಒಂದೇ ಒಂದು ನಿಜವನ್ನು ಹುಡುಕಿ ಹೊಡೆದುಹಾಕಿದ್ದೀರಲ್ಲ, ಅದಕ್ಕೇನು ಹೇಳಲಿ? ಹದಿಮೂರನೆಯವನು 'ಸಿಡಿಲು'. ಅವನ ಮುಂದೆ "ಒಂಬತ್ತು ದಿನ, ಪಟ್ಟ ಖಾಲಿ" ಎಂದಿದೆ. ಆಮೇಲೆ ಮತ್ತೆ ಸಿಡಿಲು. ಸ್ವಾಮಿ, ಆ ಒಂಬತ್ತು ದಿನ ಪಟ್ಟ ಖಾಲಿ ಇರಲಿಲ್ಲ. ನನ್ನ ತಮ್ಮನ ಸೊಂಟದಲ್ಲಿತ್ತು. ರಿಂಗಿನಲ್ಲಿ ಅವನ ಹೆಸರು 'ಚಾಪೆ'. ಆರು ಸಾವಿರ ಜನ ನೋಡಿದ್ದಾರೆ. ಮೂರು ಎಣಿಸಿದವನು ನಾನು.

ಮೂವತ್ತೆಂಟು ವರ್ಷದಲ್ಲಿ ನಿಮ್ಮ ಕಂಪನಿಗೆ ನಾನು ಬರೆಯುತ್ತಿರುವ ಇಪ್ಪತ್ತೆರಡನೆಯ ಪತ್ರವಿದು. ಒಂದಕ್ಕೂ ಉತ್ತರ ಬಂದಿಲ್ಲ. ಉತ್ತರ ಬಾರದ್ದು ರೂಢಿಯಾಗಿದೆ, ಬರೆಯುವುದೂ ರೂಢಿಯಾಗಿದೆ.

ತಿದ್ದುಪಡಿಗಾಗಿ ಕಾದಿರುವ,
ನಿಮ್ಮ ಮಾಜಿ ರೆಫರಿ


ಜನವರಿ ೩೦

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಪಟ್ಟಿಯನ್ನು ಅಧಿಕೃತ ಕಡತಗಳ ಆಧಾರದ ಮೇಲೆ ಸಿದ್ಧಪಡಿಸಲಾಗಿದೆ. ನಿಮ್ಮ ಆಸಕ್ತಿಗೆ ವಂದನೆಗಳು.

ದಾಖಲೆ ವಿಭಾಗ

ದೊಡ್ಡಪ್ಪ, ಮೇಲಿನದು ಕಚೇರಿಯ ಕಾಗದ. ಅದನ್ನು ಕಳಿಸಲೇಬೇಕು. ಈ ಹಾಳೆ ನನ್ನದು. ನೀವು "ಮುಖ್ಯಸ್ಥರಿಗೆ" ಎಂದು ಬರೆದಿರುವುದು ನನಗೇ. ವಿಭಾಗ ಅಂದರೆ ಕಿಟಕಿಯಿಲ್ಲದ ಒಂದು ಕೋಣೆ, ನಾಲ್ಕು ಬೀರು, ಒಂದು ಕುಂಟು ಏಣಿ ಮತ್ತು ನಾನು. ಈ ಪುಸ್ತಕಕ್ಕೆಂದೇ ಹೋದ ವರ್ಷ ಸೇರಿಸಿಕೊಂಡರು. ಹೊಸ ಯಜಮಾನರಿಗೆ ನಾನು ಯಾರ ಮಗಳು ಅಂತ ಗೊತ್ತಿಲ್ಲ.

ನಿಮ್ಮ ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತು. ನನಗೆ ಅಕ್ಷರ ತಿದ್ದಿಸಿದವರು ನೀವೇ ಅಲ್ಲವೇ? ಹದಿನಾಲ್ಕು ವರ್ಷದ ಹಿಂದೆ ಅಮ್ಮ ಹೋದ ದಿನ ನೀವು ಬಂದು ಬಾಗಿಲಲ್ಲೇ ನಿಂತು ಹಿಂದಿರುಗಿದಿರಿ. ಅಪ್ಪ ಒಳಗಿಂದ ನೋಡಿದರು. ಕರೆಯಲಿಲ್ಲ. ಆಮೇಲೆ ಇದೇ ನಿಮ್ಮ ಮೊದಲ ಕಾಗದ, ಅದೂ ನನಗೆಂದು ಗೊತ್ತಿಲ್ಲದೆ ಬರೆದದ್ದು.

ಬೆನ್ನು ನೋವು ಹೇಗಿದೆ?

ಪೀಪಿ


ಫೆಬ್ರವರಿ ೬

ಪೀಪಿ,

ಕಚೇರಿಯ ಕಾಗದಕ್ಕೆ ಕೆಂಪು ಪೆನ್ನಿನಲ್ಲಿ ಉತ್ತರ ಬರೆದು ಹರಿದುಹಾಕಿದೆ. ಇದು ನಿನಗೆ.

ಬೆನ್ನು ಹೇಗಿದ್ದೀತು? ಹದಿನೈದು ವರ್ಷ ಇನ್ನೊಬ್ಬರ ಭುಜ ನೋಡಲು ದಿನಕ್ಕೆ ಇಪ್ಪತ್ತು ಸಲ ನೆಲಕ್ಕೆ ಬಿದ್ದವನ ಬೆನ್ನು. ಹಲಗೆಯ ಮೇಲೆ ಮಲಗುತ್ತೇನೆ. ಬಿಡು.

ನಿನಗಾಗ ಐದು ವರ್ಷ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಮ್ಮ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ದಣಿಯ ಕೋಣೆಯಲ್ಲೇ ತೀರ್ಮಾನವಾಗುತ್ತಿತ್ತು. ಈಗದು ಗುಟ್ಟೇನಲ್ಲ. ಆದರೆ ಎಣಿಕೆ ಮಾತ್ರ ನಿಜ. ನನಗೆ ಕೆಲಸ ಕಲಿಸಿದ ಮುದಿ ರೆಫರಿ ಹೇಳುತ್ತಿದ್ದರು: "ಎರಡೂ ಭುಜ ನೆಲಕ್ಕೆ ತಾಗಿದ್ರೆ ಎಣಿಸು. ಯಾರು ಗೆಲ್ಬೇಕು ಅನ್ನೋದು ನಿನ್ನ ತಲೆಗೆ ಗೊತ್ತಿರ್ಲಿ, ಕೈಗೆ ಗೊತ್ತಾಗ್ಬಾರ್ದು. ಕೈ ನಿಂತ್ರೆ ಜನಕ್ಕೆ ಕಳ್ಳತನ ಕಾಣ್ಸುತ್ತೆ ಕಣೋ."

ಆ ಭಾನುವಾರ ಮಧ್ಯಾಹ್ನದ ಏರ್ಪಾಡು ಇಷ್ಟು: ಚಾಪೆ ಸಿಡಿಲಿನ ಮೇಲೆ ಬೀಳಬೇಕು, ನಾನು ಎರಡರವರೆಗೆ ಎಣಿಸಬೇಕು, ಸಿಡಿಲು ಭುಜ ಎತ್ತಬೇಕು. ಆಮೇಲೆ ಎದ್ದು ಎಂದಿನಂತೆ ಚಾಪೆಯನ್ನು ಸುತ್ತಿ ಮೂಲೆಗಿಡಬೇಕು. ಹನ್ನೊಂದು ವರ್ಷದಲ್ಲಿ ನಿಮ್ಮಪ್ಪ ಗೆದ್ದ ಪಂದ್ಯ ಒಂದೂ ಇಲ್ಲ. ಊರವರೆಲ್ಲ ಅವನ ಮೇಲೆ ಕಾಲಿಟ್ಟೇ ದೊಡ್ಡವರಾದರು. ನನ್ನ ಕೈಯಿಂದಲೇ ನಾನೂರು ಸಲ ಅವನ ಸೋಲನ್ನು ಎಣಿಸಿದ್ದೇನೆ. ಆ ದಿನ ಸಿಡಿಲು ಬಿದ್ದ ರೀತಿ ತಪ್ಪಿತು. ನಾನು ಎಣಿಸಿದೆ. ಒಂದು. ಎರಡು. ಭುಜ ಏಳಲಿಲ್ಲ. ಮೂರು. ಕೈ ನಿಲ್ಲಲಿಲ್ಲ. ನಿಯಮ ಅಂದರೆ ನಿಯಮ.

ಆರು ಸಾವಿರ ಜನರ ಎದುರು ದಣಿ ಬೇರೆ ದಾರಿಯಿಲ್ಲದೆ ನಿಮ್ಮಪ್ಪನ ಸೊಂಟಕ್ಕೆ ಬೆಲ್ಟು ಕಟ್ಟಿದ. ಒಂಬತ್ತು ದಿನ ಸಿಡಿಲು ಆಸ್ಪತ್ರೆಯಲ್ಲಿದ್ದ. ಹತ್ತನೆಯ ದಿನ ಎದ್ದು ಬಂದ. ಆಗ ಕಂಪನಿ ಹೇಳಿತು: ರೆಫರಿ ತಮ್ಮನಿಗಾಗಿ ಎಣಿಸಿದ್ದಾನೆ, ಪಂದ್ಯ ರದ್ದು. ಇಬ್ಬರನ್ನೂ ಹೊರಗೆ ಹಾಕಿದರು. ನಾನು ಗಂಟಲು ಹರಿಯುವಂತೆ ವಾದಿಸಿದೆ. ನಿಮ್ಮಪ್ಪ? ತುಟಿ ಪಿಟಕ್ ಎನ್ನಲಿಲ್ಲ. ಅಣ್ಣನನ್ನು ಕಳ್ಳನೆಂದಾಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಅಲ್ಲಿಂದ ನಮ್ಮ ಮಾತು ನಿಂತಿತು.

ನನಗೆ ಬೇಕಾದ್ದು ಒಂದೇ ಸಾಲು. "ಒಂಬತ್ತು ದಿನ: ಚಾಪೆ." ಅಷ್ಟು ಬಂದರೆ ನಾನು ಕಳ್ಳನಲ್ಲ.

ದೊಡ್ಡಪ್ಪ


ಮಾರ್ಚ್ ೧೪

ದೊಡ್ಡಪ್ಪ,

ತಡವಾಯಿತು. ಅಪ್ಪನನ್ನು ಕೇಳದೆ ಬರೆಯಲು ಮನಸ್ಸಾಗಲಿಲ್ಲ. ಕೇಳಲು ಧೈರ್ಯ ಬರುವುದಕ್ಕೆ ಒಂದು ತಿಂಗಳು ಹಿಡಿಯಿತು.

ಅಪ್ಪನ ಹಾಸಿಗೆ ಅಂಗಡಿ ನೀವು ನೋಡಿಲ್ಲ. ಮುಂದೆ ಹತ್ತಿಯ ರಾಶಿ, ಹಿಂದೆ ಒಂದು ಉದ್ದ ಮೇಜು. ಹೊಸ ಹಾಸಿಗೆ ಮುಗಿದಾಗಲೆಲ್ಲ ಅಪ್ಪ ಅದರ ಮೇಲೆ ಬೆನ್ನು ಹಾಕಿ ಧೊಪ್ಪೆಂದು ಬೀಳುತ್ತಾರೆ. ಗಿರಾಕಿಗಳು ನಗುತ್ತಾರೆ. ಎಲ್ಲಿ ಹತ್ತಿ ಕಮ್ಮಿ ಎಂದು ಬೆನ್ನಿಗೇ ಗೊತ್ತಾಗುತ್ತದಂತೆ.

"ಅಪ್ಪ, ದೊಡ್ಡಪ್ಪ ಕಾಗದ ಬರ್ದಿದ್ದಾರೆ."

"ಯಾರಿಗೆ? ಪೇಪರ್‌ಗಾ?"

"ನಂಗೆ."

"ಪೇಪರ್‌ನೋರು ನಿನ್ ಕಾಗದ ಸಾಕಪ್ಪಾ ಸಾಕು ಅಂದ್ರೇನೋ."

"ಆ ಒಂಬತ್ತು ದಿನಾನ ಪುಸ್ತಕದಲ್ಲಿ ಸೇರಿಸ್ಬೇಕಂತೆ."

ಹಾಸಿಗೆಯೊಳಗೆ ಚುಚ್ಚಿದ್ದ ಉದ್ದ ಸೂಜಿ ಅರ್ಧದಲ್ಲೇ ನಿಂತಿತು. ಅದನ್ನು ಹೊರಗೆಳೆದು ಹೇಳಿದರು: "ನಿಮ್ಮ ದೊಡ್ಡಪ್ಪಂಗೆ ಹೇಳು. ಹತ್ತಿ ಗಂಟು ಕಟ್ಟಿದ್ರೆ ಬಡೀಬೇಕು ನಿಜ. ಬಡೀತಾನೇ ಇದ್ರೆ ಹತ್ತೀನೂ ಉಳಿಯಲ್ಲ."

ಅಷ್ಟೇ. ನಾನು ಬಲವಂತ ಮಾಡಲಿಲ್ಲ.

ಆದರೆ ದೊಡ್ಡಪ್ಪ, ಆ ಸಾಲು ನನಗೂ ಬೇಕು. ಆ ಒಂಬತ್ತು ದಿನ ನಾನು ಶಾಲೆಯಲ್ಲಿ ಚಾಂಪಿಯನ್ನನ ಮಗಳು. ಹತ್ತನೆಯ ದಿನ ಸುಳ್ಳುಗಾತಿ. ಹುಡುಗಿಯರು ನನ್ನ ಬೆಂಚಿನ ಮೇಲೆ ಚಾಪೆಯ ಚಿತ್ರ ಬರೆದು, ಕಾಲು ಒರೆಸಿ ಹೋಗುತ್ತಿದ್ದರು. ಈಗ ನನ್ನ ಕೈಯಲ್ಲೇ ಪಟ್ಟಿ ಇದೆ, ನನ್ನ ಕೈಯಿಂದಲೇ "ಖಾಲಿ" ಎಂದು ಬರೆಯಬೇಕು. ಯಜಮಾನರನ್ನು ಕೇಳಿದೆ. "ಪುರಾವೆ ತಗೊಂಡ್ ಬನ್ನಿ, ನೋಡೋಣ" ಅಂದರು. ಪುಸ್ತಕ ಜೂನ್ ಕೊನೆಗೆ ಅಚ್ಚಿಗೆ ಹೋಗುತ್ತದೆ.

ಪೀಪಿ


ಮಾರ್ಚ್ ೨೧

ಪೀಪಿ,

ಹತ್ತಿಯ ವೇದಾಂತ ಅವನ ಹತ್ತಿರವೇ ಇರಲಿ. ಮೂವತ್ತೆಂಟು ವರ್ಷದ ಹಿಂದೆ ಆಡಬೇಕಾದ ಎರಡು ಮಾತು ಆಡಲಾರದವನಿಗೆ ಈಗ ಗಾದೆ ಬರುತ್ತದೆ.

ಪುರಾವೆ ಬೇಕಂತೆ! ಸಮುದ್ರದಾಚೆಯ ಹದಿನಾರು ಜಟ್ಟಿಗಳಿಗೆ ಯಾರು ಪುರಾವೆ ಕೇಳಿದರು? ಈ ದೇಶದಲ್ಲಿ ಸುಳ್ಳಿಗೆ ಬಾಗಿಲು ತೆರೆದೇ ಇರುತ್ತದೆ, ನಿಜ ಮಾತ್ರ ಗುರುತಿನ ಚೀಟಿ ತರಬೇಕು.

ಸರಿ, ಪುರಾವೆ ಇದೆ. ಆ ದಿನ ರಿಂಗಿನ ಪಕ್ಕದಲ್ಲಿ ಕ್ಯಾಮೆರಾ ಇತ್ತು. ದೊಡ್ಡ ಪಂದ್ಯಗಳನ್ನೆಲ್ಲ ರೀಲಿಗೆ ತೆಗೆಸಿ ಇಡುವುದು ದಣಿಯ ಹುಚ್ಚು. ನಿನ್ನ ನಾಲ್ಕು ಬೀರುವಿನಲ್ಲಿ ಎಲ್ಲೋ ಒಂದು ತಗಡಿನ ಡಬ್ಬಿ ಇರಲೇಬೇಕು. ಹುಡುಕು. ಎರಡರಿಂದ ಮೂರಕ್ಕೆ ನನ್ನ ಕೈ ಹೇಗೆ ಇಳಿಯಿತೆಂದು ಆ ಯಜಮಾನನಿಗೆ ತೋರಿಸು. ಮನುಷ್ಯರು ಬಾಯಿ ಮುಚ್ಚಿಕೊಂಡಾರು, ರೀಲು ಮುಚ್ಚಿಕೊಳ್ಳುವುದಿಲ್ಲ.

ದೊಡ್ಡಪ್ಪ


ಏಪ್ರಿಲ್ ೨೯

ಪೀಪಿ,

ಐದು ವಾರವಾಯಿತು. ನಡುವೆ ಒಂದು ಕಾರ್ಡು ಹಾಕಿದ್ದೆ. ಡಬ್ಬಿ ಸಿಕ್ಕಿತೋ ಇಲ್ಲವೋ ಒಂದು ಮಾತು ಬರೆದರೆ ನಿನ್ನ ಗಂಟೇನು ಹೋಗುತ್ತದೆ? ಕಂಪನಿಯ ಗಾಳಿ ನಿನಗೂ ತಾಗಿತೇ?

ಇಂದು ಬೆಳಿಗ್ಗೆ ಅಂಚೆಯವನು ಬೀದಿಯ ಆ ತುದಿಯಲ್ಲಿದ್ದಾಗಲೇ ಗೇಟಿನ ಹತ್ತಿರ ಹೋಗಿ ನಿಂತೆ. ಅವನು ದೂರದಿಂದಲೇ ಕೈಯಾಡಿಸಿದ. ಇಲ್ಲ ಎಂದು.

ದೊಡ್ಡಪ್ಪ


ಮೇ ೧೮

ದೊಡ್ಡಪ್ಪ,

ಡಬ್ಬಿ ಸಿಕ್ಕು ಒಂದು ತಿಂಗಳಾಯಿತು. ಏನು ಬರೆಯಲಿ ಎಂದು ತಿಳಿಯದೆ ಸುಮ್ಮನಿದ್ದೆ.

ಮೂರನೆಯ ಬೀರುವಿನ ತಳದಲ್ಲಿತ್ತು. ಶಬ್ದವಿಲ್ಲದ ರೀಲು. ಗೋಡೆಯ ಮೇಲೆ ಹಾಕಿ ನೋಡಿದೆ. ಆಮೇಲೆ ನೀವು ಕರಡು ತಿದ್ದುವ ಹಾಗೆ, ಭೂತಗನ್ನಡಿ ಹಿಡಿದು ಒಂದೊಂದೇ ಚಿತ್ರವನ್ನು ಎಣಿಸಿದೆ. ಒಂದಕ್ಕೂ ಎರಡಕ್ಕೂ ನಡುವೆ ಹದಿನೆಂಟು ಚಿತ್ರ. ಎರಡಕ್ಕೂ ಮೂರಕ್ಕೂ ನಡುವೆ ನಲವತ್ತೇಳು. ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ನಲವತ್ತೇಳೇ.

ನಿಮ್ಮ ಕೈ ನಿಂತಿದೆ ದೊಡ್ಡಪ್ಪ. ಮೇಲೆ, ಗಾಳಿಯಲ್ಲಿ. ನೀವು ಸಿಡಿಲಿನ ಮುಖ ನೋಡುತ್ತೀರಿ. ಆಮೇಲೆ ತಲೆ ಎತ್ತಿ ಜನರತ್ತ ನೋಡುತ್ತೀರಿ. ಆಮೇಲೆ ಕೈ ಇಳಿಯುತ್ತದೆ.

ಇನ್ನೊಂದಿದೆ. ಅಪ್ಪನ ಎಡಗೈ ಸಿಡಿಲಿನ ಬೆನ್ನಿನ ಕೆಳಗಿದೆ. ಎತ್ತುತ್ತಿದ್ದಾರೆ. ಸಿಡಿಲಿನ ಭುಜವನ್ನು ಮೇಲೆತ್ತಲು ಅಪ್ಪ ಒದ್ದಾಡುತ್ತಿದ್ದಾರೆ. ನಿಮ್ಮ ಕಡೆ ತಿರುಗಿ ಏನೋ ಹೇಳುತ್ತಾರೆ. ಎರಡು ಸಲ ಹೇಳುತ್ತಾರೆ.

ರೀಲಿನ ಡಬ್ಬಿಯೊಳಗೇ ಒಂದು ಕಾಗದ ಮಡಿಸಿಟ್ಟಿತ್ತು. ಅಪ್ಪನ ಅಕ್ಷರ. ನಕಲು ಮಾಡಿದ್ದೇನೆ:

"ದಣಿಗಳಿಗೆ. ಅಣ್ಣನ ತಪ್ಪಿಲ್ಲ. ನಾನು ಬೇಕಂತ ಅಮುಕಿ ಹಿಡಿದಿದ್ದೆ. ನನ್ನ ತೆಗೀರಿ. ಅವನ ಇಟ್ಕೊಳ್ಳಿ. ಅವನಿಗೆ ಬೇರೆ ಕೆಲಸ ಬರಲ್ಲ. ನನ್ನ ಹೆಸರು ಪಟ್ಟಿಲಿ ಬ್ಯಾಡ. ನಾನು ಗೆದ್ದಿಲ್ಲ."

ತಾರೀಕು ನಿಮ್ಮನ್ನು ಹೊರಗೆ ಹಾಕಿದ ಹಿಂದಿನ ದಿನದ್ದು.

ಯಜಮಾನರಿಗೆ ಇನ್ನೂ ಏನೂ ತೋರಿಸಿಲ್ಲ. ಏನು ಮಾಡಲಿ, ನೀವೇ ಹೇಳಿ.

ಪೀಪಿ


ಜೂನ್ ೧೨

ಪೀಪಿ,

ನಿನ್ನ ಎಣಿಕೆ ಸರಿ. ಕರಡು ತಿದ್ದುವವರಿಗೆ ಒಂದು ರೋಗವಿದೆ: ಪರರ ಬರಹದಲ್ಲಿ ಒಂದು ಚುಕ್ಕೆ ಬಿಟ್ಟುಹೋದರೂ ಕಣ್ಣಿಗೆ ಚುಚ್ಚುತ್ತದೆ, ತಾನೇ ಬರೆದದ್ದನ್ನು ಓದುವಾಗ ಕಣ್ಣು ಬೇಕಾದ್ದನ್ನೇ ಓದಿಕೊಂಡು ಹೋಗುತ್ತದೆ. ಇಪ್ಪತ್ತೆರಡು ಪತ್ರಗಳಲ್ಲಿ "ಕೈ ನಿಲ್ಲಲಿಲ್ಲ" ಎಂದು ಬರೆದಿದ್ದೇನೆ. ಎಂಟು ಹತ್ತನ್ನು ಬರೆಯುವ ಹೊತ್ತಿಗೆ ನನಗೇ ನಂಬಿಕೆ ಬಂದಿತ್ತು.

ಕೈ ನಿಂತಿತ್ತು. ಸಿಡಿಲಿನ ಮುಖ ನೋಡಿದೆ. ಕಣ್ಣಿನ ಬಿಳಿ ಮಾತ್ರ ಕಂಡಿತು. ಅಂಥ ಹೊತ್ತಿಗೂ ನಿಯಮವಿದೆ. ಅದನ್ನು ನಿನಗೆ ಹೇಳಿರಲಿಲ್ಲ. ಪ್ರಜ್ಞೆ ತಪ್ಪಿದ್ದರೆ ಎರಡೂ ಕೈ ಎತ್ತಿ ಪಂದ್ಯ ನಿಲ್ಲಿಸಬೇಕು, ಡಾಕ್ಟರನ್ನು ಕರೆಯಬೇಕು. ನನ್ನ ಒಂದು ಕೈ ಆಗಲೇ ಮೇಲಿತ್ತು. ಇನ್ನೊಂದು ಎತ್ತಿದ್ದರೆ ಮುಗಿಯುತ್ತಿತ್ತು. ನಿಮ್ಮಪ್ಪ ಹೇಳಿದ್ದು "ಅಣ್ಣಾ, ಬೇಡ." ಎರಡು ಸಲ ಹೇಳಿದ. ಕೇಳಿಸಿತು.

ಮೂರನೆಯ ಸಾಲಿನಲ್ಲಿ ನೀನಿದ್ದೆ. ಅಪ್ಪ ರಿಂಗಿಗೆ ಬಂದಾಗಲೆಲ್ಲ ತಗಡಿನ ಪೀಪಿ ಊದುತ್ತಿದ್ದೆ, ಆಮೇಲೆ ಅವನು ಸೋತಾಗ ಅದನ್ನು ಮಡಿಲಲ್ಲಿ ಬಚ್ಚಿಡುತ್ತಿದ್ದೆ. ಆ ದಿನ ಎರಡು ಎಣಿಸಿದ ಮೇಲೂ ಊದುತ್ತಿದ್ದೆ. ನಾನು ತಲೆ ಎತ್ತಿ ನೋಡಿದ್ದು ಜನರನ್ನಲ್ಲ.

ಇದರಲ್ಲಿ ನಿನ್ನ ಪಾಲು ಎಳ್ಳಷ್ಟೂ ಇಲ್ಲ. ಕೇಳಿದ್ದಕ್ಕೆ ಬರೆದೆ.

ತಮ್ಮ ಮಾತಾಡಲಿಲ್ಲ ಎಂದು ಇಷ್ಟು ವರ್ಷ ಬೈದೆ. ಅವನು ಬರೆದಿದ್ದಾನೆ. ನನ್ನ ಇಪ್ಪತ್ತೆರಡು ಪತ್ರಕ್ಕಿಂತ ಚಿಕ್ಕದು, ಒಂದೇ ಒಂದು ಸುಳ್ಳು, ಅದೂ ನನಗಾಗಿ. "ಅವನಿಗೆ ಬೇರೆ ಕೆಲಸ ಬರಲ್ಲ" ಎಂಬ ಸಾಲನ್ನು ಓದಿ ಸಿಟ್ಟು ಬಂತು. ಆಮೇಲೆ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಆದರೆ ನೆಮ್ಮದಿಯಂತೂ ಆಗಲಿಲ್ಲ.

ನೀನು ಮಾಡಬೇಕಾದ್ದು ಇದು. ಅವನ ಹೆಸರು ಹಾಕಬೇಡ. ಅವನಿಗೆ ಬೇಡವಾದ್ದನ್ನು ಒಮ್ಮೆ ಅವನ ಸೊಂಟಕ್ಕೆ ಕಟ್ಟಿಸಿದ್ದೇ ಸಾಕು. ಹೀಗೆ ಬರೆ: "ಒಂಬತ್ತು ದಿನ, ರೆಫರಿಯ ತಪ್ಪಿನಿಂದ ಪಟ್ಟ ಖಾಲಿ." ಕಂಪನಿಯ ಮೇಲೆ ನಾನು ಹೊರಿಸಿದ ಆರೋಪಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ, ಹದಿನಾರು ಜಟ್ಟಿ, ಗದ್ದಬಾವು ಮತ್ತು ಬಸ್ಸಿನದನ್ನು ಬಿಟ್ಟು. ಅವು ನಿಜ.

ದೊಡ್ಡಪ್ಪ


ಜುಲೈ ೪

ಮಾನ್ಯರೇ,

ಪಟ್ಟಿಯಲ್ಲಿ ಯಾವುದೇ ಬದಲಾವಣೆ ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.

ದಾಖಲೆ ವಿಭಾಗ

ದೊಡ್ಡಪ್ಪ, ನಿಮ್ಮ ಸಾಲನ್ನು ಯಜಮಾನರ ಮೇಜಿನ ಮೇಲಿಟ್ಟೆ. ಪೂರಾ ಓದಲೂ ಇಲ್ಲ. "ಏನ್ರೀ ಇದು, ರೆಫರಿ ತಪ್ಪು ಮಾಡ್ದ ಅಂತ ನಾವೇ ಹೇಳಿದ್ರೆ ಮಿಕ್ಕಿದ್ದೆಲ್ಲ ಯಾರ್ರೀ ನಂಬ್ತಾರೆ? ಖಾಲಿ ಅಂದ್ರೆ ಖಾಲಿ. ಖಾಲಿಗ್ಯಾಕೆ ಕಾರಣ?" ಅಂದರು. ಆಮೇಲೆ ಮುಖಪುಟದಲ್ಲಿ ಬೆಲ್ಟು ಇನ್ನೂ ಸ್ವಲ್ಪ ಹೊಳೆಯಬೇಕಿತ್ತೆಂದು ಚಿತ್ರಗಾರನ ಮೇಲೆ ಹರಿಹಾಯ್ದರು. ನಾನು ನನ್ನ ಕೋಣೆಗೆ ಬಂದು ಏಣಿಯ ಮೇಲೆ ಕೂತಿದ್ದೆ.

ನಿಮ್ಮ ಜೂನ್ ತಿಂಗಳ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಕನ್ನಡಕ ಇದ್ದರೂ "ನೀನೇ ಓದು" ಅಂದರು. ಎಲ್ಲವನ್ನೂ ಓದಿದೆ, ಪೀಪಿ ಊದಿದ್ದನ್ನು ಬಿಟ್ಟು. ಅದಷ್ಟು ನನ್ನ ಹತ್ತಿರವೇ ಇರಲಿ.

ಅಪ್ಪ ಕೋಲು ಎತ್ತಿಕೊಂಡರು. ಸಂಜೆಯವರೆಗೂ ಹತ್ತಿ ಬಡಿದರು.

ಪೀಪಿ


ಸೆಪ್ಟೆಂಬರ್ ೨

ಅಣ್ಣಾ,

ಪುಸ್ತಕ ಬಂತು. ಪೀಪಿ ತಂದು ಕೊಟ್ಲು. ಒಳ್ಳೆ ದಪ್ಪ ಇದೆ, ಅಂಗಡಿ ಬಾಗಿಲು ಗಾಳಿಗೆ ಬಡಿಯದ ಹಾಗೆ ಇಟ್ಟಿದೀನಿ. ಒಂಬತ್ತು ದಿನ ಖಾಲಿ ಅಂತಲೇ ಇದೆ. ನೀನು ಕೆಂಪು ಪೆನ್ನು ತೆಗೀತೀಯ ಅಂತ ಗೊತ್ತು. ಬೇಡ ಅಂತ ಹೇಳೋದು ಇದು ಮೂರನೇ ಸಲ.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ಜನ ಸಿಡಿಲು ಸಿಡಿಲು ಅಂತ ಕೂಗ್ತಿದ್ರಲ್ಲ, ಅವನನ್ನು ಸಿಡಿಲು ಮಾಡಿದವನು ನಾನು. ಹನ್ನೊಂದು ವರ್ಷ ಸೋತೆ. ನನ್ನ ಕೈಯಲ್ಲಿ ಒಬ್ಬನಿಗೂ ಮೂಳೆ ಮುರೀಲಿಲ್ಲ. ನಾನಿದ್ರೆ ಭಯ ಇಲ್ಲ ಅಂತ ದೊಡ್ಡ ದೊಡ್ಡೋರೆಲ್ಲ ನನ್ನ ಜೊತೆನೇ ಆಡಬೇಕು ಅಂತಿದ್ರು. ಅದು ನನ್ನ ಪಟ್ಟ. ನಿನಗೆ ಅದು ಕಾಣಲೇ ಇಲ್ಲ. ನನ್ನ ನೋಡಿ ನೀನು ಪಾಪ ಅಂದ್ಕೊಂಡೆ. ಪಾಪ ಅಂತ ಎಣಿಸಿದೆ. ಆ ಮನುಷ್ಯ ಸಾಯ್ತಾನೆ ಅಂತ ನಾನು ಕೆಳಗೆ ಕೈ ಹಾಕಿ ಎತ್ತುತಾ ಇದ್ದೆ, ನೀನು ಎಣಿಸಿದೆ.

ಇಷ್ಟು ಹೇಳಬೇಕಿತ್ತು. ಹೇಳಿದೆ.

ಬೆನ್ನು ನೋವು ಅಂತ ಪೀಪಿ ಹೇಳಿದ್ಲು. ಹಲಗೆ ಮೇಲೆ ಮಲಗ್ತೀಯಂತೆ, ಬುದ್ಧಿ ಇದೆಯಾ? ಒಂದು ಹಾಸಿಗೆ ಹೊಲಿದಿಟ್ಟಿದೀನಿ. ಸೊಂಟದ ಹತ್ತಿರ ಹತ್ತಿ ಜಾಸ್ತಿ ಹಾಕಿದೀನಿ. ಕಳಿಸಲ್ಲ. ಈ ಸಲ ಬಾಗಿಲಲ್ಲಿ ನಿಂತು ವಾಪಸ್ ಹೋಗಬೇಡ, ಒಳಗೆ ಬಾ. ಬೆನ್ನು ಹಾಕಿ ಮಲಗಿ ನೋಡಬೇಕು. ಎರಡೂ ಭುಜ ಸರಿಯಾಗಿ ತಾಗಬೇಕು.

ನಾನು ಎಣಿಸ್ತೀನಿ.

ಚಾಪೆ